ಹಂಪಿಗೆ ಹೊರಟವರಿಗೊಂದು ಸ್ಪಷ್ಟನೆ

ಗದಗಿನ ವಾಟ್ಸಾಪ್ ಗುಂಪುಗಳಲ್ಲಿ ಹಂಪಿ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. ಗೈಡ್ ಇಲ್ಲದೆ ಒಳಗೆ ಬಿಡಲ್ಲ, ಪ್ರತಿ ಜಾಗಕ್ಕೂ ಬೇರೆ ಟಿಕೆಟ್, ರಥ ಒಂದೇ ಕಲ್ಲಿನದು, ಶಾಪಿಂಗ್‌ಗೆ ವಿರೂಪಾಕ್ಷ ಬಜಾರ್ ಮಂಟಪಗಳಿಗೆ ಹೋಗಿ ಅಂತ. ನಾಲ್ಕೂ ತಪ್ಪು.

ಗೈಡ್ ನಿಮ್ಮಿಷ್ಟ. ರೈಲಿನಲ್ಲಿ ಕೊಪ್ಪಳ ದಾಟಿ ಹೊಸಪೇಟೆಯಲ್ಲಿ ಇಳಿಯಿರಿ. ಅಲ್ಲಿಂದ ಸುಮಾರು 13 ಕಿ.ಮೀ., ಬಸ್ಸೂ ಇದೆ, ಆಟೋನೂ ಇದೆ. ವಿಜಯ ವಿಠ್ಠಲ ದೇವಸ್ಥಾನದಲ್ಲಿ ತಗೊಂಡ ಟಿಕೆಟ್ ಅದೇ ದಿನ ಕಮಲ ಮಹಲ್‌ಗೂ ನಡೆಯುತ್ತದೆ. ಸುಮ್ನೆ ಬಿಸಾಕಬೇಡಿ. ನಾನು ಬಿಸಾಕಿ ಎರಡನೇ ಸಲ ದುಡ್ಡು ಕೊಟ್ಟವನು!

ಇನ್ನು ರಥ. 50 ರೂಪಾಯಿ ನೋಟಿನ ಹಿಂದೆ ಇರುವುದು ಅದೇ ಅಲ್ವಾ? ಹತ್ತಿರ ಹೋಗಿ ನೋಡಿ. ಹಲವು ಕಲ್ಲುಗಳನ್ನು ಎಷ್ಟು ನಾಜೂಕಾಗಿ ಜೋಡಿಸಿದ್ದಾರೆಂದರೆ ಸಂದು ಹುಡುಕಬೇಕಾಗುತ್ತದೆ. ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರ ಫೋಟೋದಲ್ಲಿ ಅದು ಕಾಣುತ್ತದೆ. ಮುಂದಿರುವ ಆನೆಗಳು ಆಮೇಲೆ ಇಟ್ಟವು. ಅವುಗಳ ಹಿಂದೆ ಬಗ್ಗಿದರೆ ಮೊದಲಿದ್ದ ಕುದುರೆಗಳ ಹಿಂಗಾಲು ಸಿಗುತ್ತವೆ. ಪಕ್ಕದ ಸಂಗೀತ ಕಂಬಗಳನ್ನು ಮಾತ್ರ ಬಡಿಯಬೇಡಿ, ನಿಷೇಧವಿದೆ.

ಬಜಾರ್ ಮಂಟಪಗಳಲ್ಲಿದ್ದ ಅಂಗಡಿಗಳನ್ನು 2011ರಲ್ಲೇ ತೆರವು ಮಾಡಿದ್ದಾರೆ. ಕೊಳ್ಳುವ ಆಸೆ ಜಾಸ್ತಿ ಇದ್ದರೆ ಸಂಡೂರಿನ ಲಂಬಾಣಿ ಕಸೂತಿ ಕೇಳಿ ನೋಡಿ. ಇಲ್ಲಾಂದ್ರೆ ಹೊಳೆ ದಾಟಿ ಆನೆಗೊಂದಿಗೆ ಹೋಗಿ, ಬಾಳೆನಾರಿನ ಚೀಲ ಚೆನ್ನಾಗಿರುತ್ತವೆ.