ಅರಮನೆ ಕಂಡಿದ್ದು ನಾನೊಬ್ಬನೇ

ಪೋರ್ಚುಗಲ್‌ಗೆ ಹೋಗೋದು ಅಂತ ಆದಾಗಿನಿಂದ ನಮ್ಮನೆಯಲ್ಲಿ ಒಂದೇ ಫೋಟೋ ಓಡಾಡುತ್ತಿತ್ತು. ಬೆಟ್ಟದ ತುದಿಯಲ್ಲಿ ಅರಮನೆ, ಒಂದು ಕಡೆ ಕುಂಕುಮದ ಕೆಂಪು, ಇನ್ನೊಂದು ಕಡೆ ಅರಿಶಿನದ ಹಳದಿ, ಹಿಂದೆ ಶುಭ್ರ ಆಕಾಶ. ಸಿಂತ್ರಾದ ಪೆನಾ ಅರಮನೆ. ನನ್ನ ಹೆಂಡತಿ ಅದಕ್ಕೆಂದೇ ಒಂದು ನೀಲಿ ಕುರ್ತಾ ಎತ್ತಿಟ್ಟಿದ್ದಳು. ಹಳದಿ ಗೋಡೆಯ ಮುಂದೆ ಚೆನ್ನಾಗಿ ಎದ್ದು ಕಾಣುತ್ತಂತೆ.

ಲಿಸ್ಬನ್ನಿನಲ್ಲಿ ರೈಲು ಹತ್ತುವಾಗ ಚುರುಕು ಬಿಸಿಲು. ಮುಕ್ಕಾಲು ಗಂಟೆಯೊಳಗೆ ಸಿಂತ್ರಾದಲ್ಲಿ ಇಳಿದರೆ ಮಬ್ಬು. ಅಲ್ಲಿಂದ 434 ನಂಬರಿನ ಬಸ್ಸು ತಿರುವು ತಿರುವಿಗೂ ವಾಲುತ್ತಾ ಹತ್ತುವಾಗ ಕಿಟಕಿಯಾಚೆಯ ಮರಗಳು ಒಂದೊಂದಾಗಿ ಮಾಯವಾದವು. ಅಟ್ಲಾಂಟಿಕ್ ಸಮುದ್ರ ಹತ್ತಿರದಲ್ಲೇ ಇದೆ, ಅಲ್ಲಿಂದ ಬರುವ ತೇವದ ಗಾಳಿ ಈ ಗುಡ್ಡಕ್ಕೆ ಬಡಿದು ಮೇಲೇರಿ ಮಂಜಾಗುತ್ತೆ. ನಮ್ಮ ಘಟ್ಟದಲ್ಲಿ ಆಗೋದೂ ಇದೇ ಅಂತ ನಾನು ಹೆಂಡತಿಗೆ ವಿವರಿಸಿದೆ. "ಇದನ್ನ ಟಿಕೆಟ್ ತಗೊಳ್ಳೋ ಮುಂಚೆ ಹೇಳಬೇಕಿತ್ತು" ಅಂದಳು.

ಟಿಕೆಟ್ ವಿಷಯಕ್ಕೆ ಬಂದರೆ, ತಪ್ಪು ಪೂರ್ತಿ ನನ್ನದೇ. ಅದರಲ್ಲಿ 11:30 ಅಂತ ಇತ್ತು. ಜರ್ಮನಿಯಿಂದ ಬುಕ್ ಮಾಡಿಕೊಟ್ಟ ಮಗಳು "ಅಪ್ಪಾ, ತಡ ಮಾಡಬೇಡಿ, ತಡವಾದರೆ ಬಿಡಲ್ಲ" ಅಂತ ಎರಡು ಸಲ ಹೇಳಿದ್ದಳು. ಸರಿ, 11:10ಕ್ಕೆ ಗೇಟಿನಲ್ಲಿ ಹಾಜರಾಗಿ, ಎಷ್ಟು ಶಿಸ್ತು ನನ್ನದು ಅಂತ ಎದೆಯುಬ್ಬಿಸಿ ನಿಂತೆ. ಆ ಹೊತ್ತು ಗೇಟಿನದ್ದಲ್ಲ, ಅರಮನೆಯ ಬಾಗಿಲಿನದ್ದು ಅಂತ ಗೊತ್ತಾಗಿದ್ದು ಆಮೇಲೆ. ಮಧ್ಯೆ ಇರುವುದು ಒಂದು ಪಾರ್ಕು, ಅದೂ ಏರುದಾರಿ, ನಿಧಾನಕ್ಕೆ ನಡೆದರೆ ಅರ್ಧ ಗಂಟೆ. ಮೇಲಕ್ಕೆ ಬಿಡಲು ಪುಟ್ಟ ಬಸ್ಸಿದೆ, ಅದಕ್ಕೂ ಉದ್ದ ಕ್ಯೂ. ಓಡಿದೆವು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಓಡಿದ್ದು ಅದೇ ಮೊದಲು. "ರೀ, ರಾಜರು ಹೇಗೆ ಹತ್ತುತ್ತಿದ್ದರು?" "ಕುದುರೆ ಮೇಲೆ ಕಣೇ." "ನಮಗ್ಯಾಕೆ ಬೇಕಿತ್ತು ಇದು?" ಇಷ್ಟೇ ಮಾತು, ಉಳಿದದ್ದು ಬರೀ ಏದುಸಿರು.

ಬಾಗಿಲು ಮುಟ್ಟಿದಾಗ 11:28. ಕತ್ತೆತ್ತಿ ನೋಡಿದರೆ ಅರಮನೆಯೇ ಇಲ್ಲ! ಬಿಳಿ ಪರದೆ ಕಟ್ಟಿದ ಹಾಗೆ ಮಂಜು.

ಕಟ್ಟಿಸಿದ ಪುಣ್ಯಾತ್ಮ ಎರಡನೇ ಫರ್ಡಿನೆಂಡ್, ಜರ್ಮನ್ ಮನೆತನದವನು, ಪೋರ್ಚುಗಲ್‌ನ ರಾಣಿ ಎರಡನೇ ಮರಿಯಾಳ ಗಂಡ. ಒಂಥರಾ ಮನೆ ಅಳಿಯ. 1755ರ ಭೂಕಂಪದಲ್ಲಿ ಜಖಂ ಆಗಿ ಕೊನೆಗೆ ಪಾಳು ಬಿದ್ದಿದ್ದ ಮಠವೊಂದನ್ನು 1838ರಲ್ಲಿ ಕೊಂಡು, ಗಣಿ ಎಂಜಿನಿಯರ್ ಒಬ್ಬನನ್ನು ಹಿಡಿದು ಅರಮನೆ ಎಬ್ಬಿಸಿದ. ಕೆಂಪು ಬಳಿದದ್ದು ಹಳೇ ಮಠದ ಭಾಗ, ಹಳದಿ ಹೊಸದು. ಮಧ್ಯೆ ಎಷ್ಟೋ ವರ್ಷ ಈ ಬಣ್ಣವೆಲ್ಲ ಮಾಸಿ ಬೂದಿ ಬಣ್ಣವಾಗಿತ್ತಂತೆ, 1990ರ ದಶಕದಲ್ಲಿ ಮತ್ತೆ ಬಳಿದರು. ನಮ್ಮ ಪಾಲಿಗೆ ಅವತ್ತು ವಾಪಸ್ ಬೂದಿಯೇ.

ಒಂದು ಕಮಾನಿನ ಮೇಲೆ ಅರ್ಧ ಮನುಷ್ಯ, ಅರ್ಧ ಮೀನಾಗಿರುವ ಟ್ರೈಟನ್ ಕೂತಿದ್ದಾನೆ. ಮಂಜಿನಲ್ಲಿ ಮೊದಲು ಕಂಡಿದ್ದು ಅವನ ಮುಖ ಮಾತ್ರ, ಕಣ್ಣು ಕೆಕ್ಕರಿಸಿಕೊಂಡು, ಗಡ್ಡ ಕೆದರಿಕೊಂಡು. ಸೃಷ್ಟಿಯ ಸಂಕೇತ ಅಂತ ನಾನು ಶುರು ಮಾಡುವಷ್ಟರಲ್ಲಿ ಇವಳು "ದೃಷ್ಟಿ ಬೊಂಬೆ ಅಲ್ವಾ? ಇಷ್ಟು ದೊಡ್ಡ ಮನೆ ಕಟ್ಟಿಸಿದಮೇಲೆ ಬೇಕೇ ಬೇಕು" ಅಂದಳು. ನಾನು ಸುಮ್ನಾದೆ.

ಒಳಗೆ ಕೋಣೆಯಿಂದ ಕೋಣೆಗೆ ಜನ ನಮ್ಮನ್ನು ತಳ್ಳಿಕೊಂಡೇ ಹೋದರು. 1910ರಲ್ಲಿ ರಾಜರ ಆಳ್ವಿಕೆ ಮುಗಿದಾಗ ಕೊನೆಯ ರಾಣಿ ಅಮೇಲಿ ಇಲ್ಲಿಂದಲೇ ಹೊರಟಿದ್ದು. ಅಡುಗೆಮನೆಯಲ್ಲಿ ಮಾತ್ರ ನನ್ನ ಹೆಂಡತಿ ಬೇರು ಬಿಟ್ಟಳು. ಸಾಲು ಸಾಲು ತಾಮ್ರದ ಪಾತ್ರೆ, ಮೂತಿ ಕಾಣುವಷ್ಟು ಹೊಳಪು. "ಇದಕ್ಕೆಲ್ಲ ಕಲಾಯಿ ಯಾರು ಹಾಕ್ತಾರೋ. ನಮ್ಮ ಕಡೆ ಒಬ್ಬನೂ ಸಿಗಲ್ಲ" ಅಂತ ಹತ್ತು ನಿಮಿಷ.

ಹೊರಗೆ ಬಂದ ಮೇಲೆ ಅವಳು ಶೌಚಾಲಯ ಹುಡುಕಿಕೊಂಡು ಹೋದಳು. ಅವಳ ಚೀಲದಲ್ಲಿ ನನ್ನ ಫೋನೂ ಹೋಯಿತು, ಓಡುವಾಗ ಜೇಬಿನಿಂದ ಬೀಳುತ್ತೆ ಅಂತ ಕೊಟ್ಟಿದ್ದೆ. ಆಗಲೇ ಗಾಳಿ ಬೀಸಿ ಮಂಜು ಸರ್ರನೆ ಪಕ್ಕಕ್ಕೆ ಸರಿಯಿತು. ಕೆಂಪು ಗಡಿಯಾರದ ಗೋಪುರ! ಅದರಾಚೆ ಹಳದಿ ಗುಮ್ಮಟ, ಒದ್ದೆ ಗೋಡೆ ಮೇಲೆ ಬಿಸಿಲು, ಥೇಟ್ ಫೋಟೋದ ಆಕಾಶ. ನಾನು ಖಾಲಿ ಜೇಬು ತಡಕುತ್ತಾ ಬಾಯಿ ಬಿಟ್ಟುಕೊಂಡು ನಿಂತೆ. ಮೂರು ನಿಮಿಷವೂ ಇರಲಿಲ್ಲ. ಅವಳು ಕೈ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಮತ್ತೆ ಪರದೆ ಬಿತ್ತು.

"ಕಂಡಿತು ಕಣೇ, ಪೂರ್ತಿ ಕಂಡಿತು."

"ಹೌದಾ," ಅಂದಳು. ನಾನು ಜಿಮ್‌ಗೆ ಹೋಗಿದ್ದೆ ಅಂದಾಗ ಹೇಳುವ ಅದೇ ಹೌದಾ.

ಇಳಿಯುವಾಗ ಪಾರ್ಕಿನಲ್ಲಿ ನಡೆದೆವು. ಫರ್ಡಿನೆಂಡ್ ದೇಶ ದೇಶದ ಗಿಡ ತರಿಸಿ ನೆಡಿಸಿದ್ದಾನೆ: ಛತ್ರಿಯಂಥ ಜರೀಗಿಡ, ತುದಿ ಕಾಣದ ಸಿಕ್ವೋಯಾ. ಅವತ್ತಂತೂ ಯಾವ ಮರಕ್ಕೂ ತುದಿ ಕಾಣುತ್ತಿರಲಿಲ್ಲ ಬಿಡಿ. ಕೆಳಗಿನ ಕೊಳಗಳಲ್ಲಿ ಬಾತುಕೋಳಿಗಳಿಗೆ ಕೋಟೆಯಾಕಾರದ ಮನೆ. ನೀರಿನ ಮಧ್ಯೆ, ಸ್ವಂತದ್ದು. ಬೆಂಗಳೂರಿನಲ್ಲಿ ಇನ್ನೂ ಬಾಡಿಗೆ ಕಟ್ಟುತ್ತಿರುವ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ರಾತ್ರಿ ಹೆಂಡತಿ ಮನೆಯವರ ಗ್ರೂಪಿಗೆ ಫೋಟೋ ಹಾಕಿದಳು. ಎಲ್ಲದರಲ್ಲೂ ಹಿಂದೆ ಬಿಳಿ, ಮುಂದೆ ನೀಲಿ ಕುರ್ತಾ. ಚೆನ್ನಾಗಿಯೇ ಎದ್ದು ಕಾಣುತ್ತಿತ್ತು. ಮೊದಲು ಉತ್ತರ ಬಂದಿದ್ದು ಅವಳ ಅಣ್ಣನದು: "ನಂದಿ ಬೆಟ್ಟಕ್ಕೆ ಯಾವಾಗ ಹೋದ್ರಿ? ಹೇಳಿದ್ರೆ ನಾವೂ ಬರ್ತಿದ್ವಲ್ಲ."