ಕೆಡೆಟ್‌ನ ಮೊದಲ ಕಮಾಂಡರ್ ಅವನ ಸೀನಿಯರ್

ಮಿಲಿಟರಿ ಅಕಾಡೆಮಿಯಲ್ಲಿ ನಾಯಕತ್ವ ಅಂದ್ರೆ ನಮಗೆ ಕಾಣುವುದು ಎದೆ ತುಂಬ ಪದಕ ಹಾಕಿಕೊಂಡು ಭಾಷಣ ಮಾಡುವ ಜನರಲ್. ಅವರು ಭಾಷಣ ಮುಗಿಸಿ ಕಾರು ಹತ್ತುತ್ತಾರೆ. ಮಾರನೇ ದಿನ ಬೆಳಗಿನ ಜಾವ ಹೊಸ ಕೆಡೆಟ್‌ನ ಎದುರು ನಿಲ್ಲುವವನು ಅವನಿಗಿಂತ ಒಂದೆರಡು ವರ್ಷ ಸೀನಿಯರ್, ಅಷ್ಟೇ. ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಂತೂ ಎರಡನೇ ವರ್ಷದ ಕೆಡೆಟ್‌ಗೇ ಒಬ್ಬಿಬ್ಬರು ಹೊಸಬರ ಹೊಣೆ ಕೊಡುತ್ತಾರೆ. ಹೊಸಬ ಉಳಿಯುತ್ತಾನೋ ಮುದುಡುತ್ತಾನೋ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತದೆ ಅಂತ ನನ್ನ ನಂಬಿಕೆ.

'ಟ್ರಾನ್ಸ್‌ಫಾರ್ಮೇಷನಲ್ ಲೀಡರ್‌ಶಿಪ್' ಅಂದ್ರೆ ಕೈಕೆಳಗಿನವರನ್ನು ಒಳಗಿನಿಂದ ಬೆಳೆಸುವ ನಾಯಕತ್ವ. ಈ ವಿಚಾರವನ್ನು 1978ರಲ್ಲಿ ಅಮೆರಿಕದ ವಿದ್ವಾಂಸ ಜೇಮ್ಸ್ ಬರ್ನ್ಸ್ ರಾಜಕೀಯ ನಾಯಕರ ಬಗ್ಗೆ ಬರೆಯುತ್ತಾ ಬೆಳೆಸಿದರು. 1985ರಲ್ಲಿ ಸಂಶೋಧಕ ಬರ್ನಾರ್ಡ್ ಬಾಸ್ ಅದನ್ನು ಅಳೆಯುವ ದಾರಿ ತೋರಿಸಿದರು. ಅದರಲ್ಲಿ ನಾಲ್ಕು ಅಂಶ: ತಾನೇ ಮಾದರಿಯಾಗುವುದು, ಹುರುಪು ತುಂಬುವುದು, ಯೋಚನೆಗೆ ಹಚ್ಚುವುದು, ಒಬ್ಬೊಬ್ಬರನ್ನೂ ಬೇರೆಯಾಗಿ ಗಮನಿಸುವುದು. ಚಪ್ಪಾಳೆಯೆಲ್ಲ ಮೊದಲೆರಡಕ್ಕೆ. ನನಗೆ ಮುಖ್ಯ ಅನಿಸುವುದು ಕೊನೆಯದು.

ಓಟದಲ್ಲಿ ದಿನಾ ಹಿಂದೆ ಬೀಳುವ ಕೆಡೆಟ್ ಒಬ್ಬನಿದ್ದಾನೆ ಅಂದುಕೊಳ್ಳಿ. ಒಬ್ಬ ಸೀನಿಯರ್ ಕೂಗಾಡಿ ಪುಷ್‌ಅಪ್ ಹೊಡೆಸುತ್ತಾನೆ. ನಾಳೆ ಮತ್ತೆ ಅದೇ ಕಥೆ. ಇನ್ನೊಬ್ಬ ಜೊತೆಗೆ ಓಡಿ ನೋಡುತ್ತಾನೆ. ಹುಡುಗ ಹೆದರಿಕೆಗೆ ಮೊದಲ ಸುತ್ತಲ್ಲೇ ದಮ್ಮೆಲ್ಲ ಖಾಲಿ ಮಾಡಿಕೊಳ್ತಿದ್ದಾನೆ. "ಮೊದಲ ಎರಡು ಸುತ್ತು ನನ್ನ ಹಿಂದೇನೇ ಇರು, ಮುಂದೆ ಹೋಗ್ಬೇಡ" ಅಂತಾನೆ. ಸಮಯದ ಮಿತಿಯಲ್ಲಿ ಒಂದು ಸೆಕೆಂಡೂ ಸಡಿಲ ಮಾಡಲ್ಲ. ಕಾಳಜಿ ಅಂದ್ರೆ ಮುದ್ದು ಮಾಡೋದು ಅಂತ ತಿಳಿದವರು ಇದನ್ನು ಗಮನಿಸಬೇಕು.

ಸುಮ್ನೆ ಹೇಳ್ತಿಲ್ಲ. 2002ರಲ್ಲಿ ಪ್ರಕಟವಾದ ಇಸ್ರೇಲಿ ಸೇನೆಯ ಪ್ರಯೋಗವೊಂದರಲ್ಲಿ ಕೆಲವು ನಾಯಕರಿಗೆ ಈ ಬಗೆಯ ನಾಯಕತ್ವದ ತರಬೇತಿ, ಉಳಿದವರಿಗೆ ಬೇರೆ ತರಬೇತಿ ಕೊಟ್ಟರು. ಮೊದಲ ಗುಂಪಿನ ನಾಯಕರ ನೇರ ಕೈಕೆಳಗಿನವರು ಹೆಚ್ಚು ಬೆಳೆದರು, ಅವರಿಗೂ ಕೆಳಗಿದ್ದ ಸೈನಿಕರ ಸಾಧನೆ ಮೇಲೇರಿತು. ಹಾಗಂತ ಬಹುಮಾನ, ಶಿಸ್ತು, ನಿಯಮ ಬೇಡ ಅಂತಲ್ಲ. ಬಾಸ್ ಕೂಡ ಇದು ಅವುಗಳ ಮೇಲೆ ಕೂರುವಂಥದ್ದು ಅಂದರೇ ಹೊರತು ಅವುಗಳ ಬದಲಿಗೆ ಅನ್ನಲಿಲ್ಲ. ಪರೀಕ್ಷೆಯ ಅಂಕಕ್ಕೂ ಇದೇ ಮದ್ದು ಅಂತ ನಾನು ಹೇಳಲಾರೆ. ಅಲ್ಲಿ ಬುದ್ಧಿ, ಓದು ಜಾಸ್ತಿ ಲೆಕ್ಕಕ್ಕೆ ಬರುತ್ತವೆ.

ತಮಾಷೆ ನೋಡಿ. ಕಠೋರವಾಗಿ ನಡೆಸಿಕೊಂಡರೆ ನಂಬಬಹುದಾದ ಸೈನಿಕ ಸಿಗಲ್ಲ ಅಂತ ಜನರಲ್ ಸ್ಕೋಫೀಲ್ಡ್ 1879ರಲ್ಲೇ ವೆಸ್ಟ್ ಪಾಯಿಂಟ್ ಕೆಡೆಟ್‌ಗಳಿಗೆ ಹೇಳಿದ್ದರು. ಆ ಮಾತನ್ನು ಹೊಸ ಕೆಡೆಟ್‌ಗಳು ಬಾಯಿಪಾಠ ಮಾಡಬೇಕು. ತಪ್ಪಿದರೆ ಸೀನಿಯರ್ ಬೈತಾನೆ!

ಅಕಾಡೆಮಿಗಳು ಸೀನಿಯರ್‌ಗಳ ನಾಯಕತ್ವಕ್ಕೆ ಅಂಕ ಕೊಡುವಾಗ ಜೂನಿಯರ್‌ಗಳನ್ನೂ ಕೇಳಲಿ, ಹೆಸರು ಗುಟ್ಟಾಗಿಟ್ಟು. ಶಿಸ್ತು ಹಾಳಾಗುತ್ತೆ ಅನ್ನುವವರಿದ್ದಾರೆ. ನಾಳೆ ಗುಂಡಿನ ಮಳೆಯಲ್ಲಿ ಇವನ ಹಿಂದೆ ಹೋಗಬೇಕಾದವರ ಅಭಿಪ್ರಾಯ ಇವತ್ತು ಕೇಳಿದರೆ ಯಾವ ಶಿಸ್ತು ಹಾಳಾಗುತ್ತೆ ಅಂತ ಅವರೇ ಹೇಳಲಿ.