ಹಳೇ ಪ್ರಿಯಸ್, ದುಬಾರಿ ಕರೆಂಟು

ಬೆಂಗಳೂರಿನ ಲೆಕ್ಕ ಹಿಡಿದುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಡುವ ನಮ್ಮವರು ಬಹಳ. ಊರಲ್ಲಿ ಮನೆಯ ಕರೆಂಟು ಯೂನಿಟ್‌ಗೆ ಸುಮಾರು 6 ರೂಪಾಯಿ, ಪೆಟ್ರೋಲು ಲೀಟರಿಗೆ 100ರ ಮೇಲೆ. ಟ್ರಾಫಿಕ್ಕಿನಲ್ಲಿ ಲೀಟರಿಗೆ 17 ಕಿ.ಮೀ. ಕೊಡುವ ಕಾರಿಗೆ ಕಿ.ಮೀ.ಗೆ 6 ರೂಪಾಯಿ ಬೀಳುವಲ್ಲಿ ಸಣ್ಣ ಎಲೆಕ್ಟ್ರಿಕ್ ಕಾರಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಅಲ್ಲಿ ವಾದಕ್ಕೆ ಜಾಗವೇ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕಥೆ ಬೇರೆ. 2004ರಿಂದ 2009ರವರೆಗಿನ ಎರಡನೇ ತಲೆಮಾರಿನ ಪ್ರಿಯಸ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯೂ ಇರುವ ಟೊಯೋಟಾ ಹೈಬ್ರಿಡ್ ಕಾರು, ಗ್ಯಾಲನ್ನಿಗೆ 46 ಮೈಲಿ ಕೊಡುತ್ತದೆ. ಪೆಟ್ರೋಲಿಗೆ 4.70 ಡಾಲರ್ ಹಿಡಿದರೆ ಮೈಲಿಗೆ ಸುಮಾರು 10 ಸೆಂಟ್. ಎಲೆಕ್ಟ್ರಿಕ್ ಕಾರು ಯೂನಿಟ್‌ಗೆ 3.5 ಮೈಲಿ ಓಡುತ್ತದೆ ಅನ್ನಿ. 2025ರ ದರದಲ್ಲಿ ನಡುರಾತ್ರಿ ಕಳೆದ ಮೇಲೆ ಮನೆಯಲ್ಲೇ ಚಾರ್ಜ್ ಹಾಕಿದರೂ ಯೂನಿಟ್‌ಗೆ 30 ಸೆಂಟ್ ಆಸುಪಾಸು, ಅಂದರೆ ಮೈಲಿಗೆ ಎಂಟೂವರೆ ಸೆಂಟ್. ವರ್ಷಕ್ಕೆ 10,000 ಮೈಲಿ ಓಡಿಸಿದರೆ ಉಳಿಯುವುದು 160 ಡಾಲರ್. ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ರಸ್ತೆಬದಿಯ ಫಾಸ್ಟ್ ಚಾರ್ಜರಿಗೆ 55 ಸೆಂಟ್ ಕೊಡುವವರಿಗೆ ಪ್ರಿಯಸ್ಸೇ ಅಗ್ಗ.

ಹಾಗಾದರೆ ಹಳೇ ಪ್ರಿಯಸ್ಸನ್ನು ಏಕೆ ಮಾರುತ್ತಾರೆ? ಬ್ಯಾಟರಿ ಭಯ. ಬ್ಯಾಟರಿ ಸೋತಿದೆ ಎಂದು ಕಾರಿನ ಕಂಪ್ಯೂಟರ್ ತೋರಿಸುವ ಪಿ0ಎ80 ಕೋಡ್ ಬಂದೊಡನೆ ಡೀಲರ್ ದೊಡ್ಡ ಮೊತ್ತ ಹೇಳುತ್ತಾನೆ. ಆ ಬ್ಯಾಟರಿಯಲ್ಲಿರುವುದು ಆರಾರು ಸೆಲ್ಲಿನ, 7.2 ವೋಲ್ಟಿನ 28 ಮಾಡ್ಯೂಲು (ಬಿಡಿ ಕಟ್ಟು), ಒಟ್ಟು 201.6 ವೋಲ್ಟ್. ಒಂದರಲ್ಲಿ ಒಂದು ಸೆಲ್ ಸತ್ತರೂ ಸಾಕು, ಆ ಮಾಡ್ಯೂಲು ಉಳಿದವಕ್ಕಿಂತ ಸುಮಾರು 1.2 ವೋಲ್ಟ್ ಕಡಿಮೆ ತೋರಿಸುತ್ತದೆ. ಎಲ್ಲವೂ ಸಮನಾಗಿ ಕಂಡರೆ ಮಾಡ್ಯೂಲಿಗೊಂದು 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಕಟ್ಟಿ ಎರಡು ನಿಮಿಷ ಉರಿಸಿ; ಸೋತದ್ದು ಬೇಗ ಕುಸಿಯುತ್ತದೆ. ಎಷ್ಟೋ ಸಲ ಮಾಡ್ಯೂಲು ಚೆನ್ನಾಗಿದ್ದು, ಅವನ್ನು ಜೋಡಿಸುವ ತಾಮ್ರದ ಪಟ್ಟಿ ಹಸಿರು ಕಿಲುಬು ಹಿಡಿದಿರುತ್ತದೆ. ವಿನಿಗರ್‌ನಲ್ಲಿ ನೆನೆಸಿ ಉಜ್ಜಿ, ಒಣಗಿಸಿ ಹಾಕಿದರೆ ಮುಗಿಯಿತು. ನಟ್ಟನ್ನು 5.4 ನ್ಯೂಟನ್ ಮೀಟರಿಗಿಂತ ಹೆಚ್ಚು ಬಿಗಿಯಬಾರದು. ಬಿಗಿದರೆ ಪ್ಲಾಸ್ಟಿಕ್ಕಿನಲ್ಲಿ ಕೂತ ಟರ್ಮಿನಲ್ಲೇ ಕಿತ್ತು ಬರುತ್ತದೆ. ಇದಕ್ಕೆಲ್ಲ ಕೈ ಹಾಕುವ ಮೊದಲು ಬ್ಯಾಟರಿಯ ಸಂಪರ್ಕ ಕಡಿಯುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಎಳೆದು ಹತ್ತು ನಿಮಿಷ ಕಾಯಬೇಕು. 1000 ವೋಲ್ಟಿನ ರಬ್ಬರ್ ಗ್ಲೌಸ್ ಇಲ್ಲದಿದ್ದರೆ ಹತ್ತಿರವೇ ಹೋಗಬೇಡಿ.

ಸತ್ತ ಒಂದೇ ಮಾಡ್ಯೂಲು ಬದಲಿಸುವವರೂ ಇದ್ದಾರೆ. ಉಳಿದ 27ಕ್ಕೂ ಅಷ್ಟೇ ವಯಸ್ಸಾಗಿರುವುದರಿಂದ ಕೆಲವೇ ತಿಂಗಳಲ್ಲಿ ಇನ್ನೊಂದು ಹೋಗುತ್ತದೆ. ಕಾರನ್ನು ಇಟ್ಟುಕೊಳ್ಳುವ ಮನಸ್ಸಿದ್ದರೆ ಹೊಸ ಸೆಲ್‌ಗಳ ಇಡೀ ಸೆಟ್ಟೇ ಹಾಕಿ. ಹಿಂದಿನ ಸೀಟಿನ ಪಕ್ಕದ ಗಾಳಿಕಿಂಡಿ ಬಿಚ್ಚಿ ಫ್ಯಾನಿನ ಧೂಳು, ನಾಯಿಕೂದಲು ತೆಗೆಯುವುದನ್ನು ಮರೆತರೆ ಅದೂ ಬಿಸಿಯೇರಿ ಸಾಯುತ್ತದೆ. ಗೇರ್‌ಬಾಕ್ಸಿನ 3.8 ಲೀಟರ್ ಎಣ್ಣೆಯನ್ನು (ಟೊಯೋಟಾದ ಡಬ್ಲ್ಯೂಎಸ್) 60,000 ಮೈಲಿಗೊಮ್ಮೆ ಬದಲಿಸಿ, ಬದಲಿಸಬೇಕಿಲ್ಲ ಎಂದು ಯಾರೇ ಹೇಳಲಿ.

ಇದು ಸ್ಪ್ಯಾನರ್ ಹಿಡಿಯುವವರ ಮಾತು. ಇಲ್ಲಿ ಡೀಲರ್ ಕೂಲಿ ಗಂಟೆಗೆ 200 ಡಾಲರ್ ದಾಟಿದೆ. ಕೈಯಲ್ಲಾಗದಿದ್ದರೆ ಹಳೇ ಪ್ರಿಯಸ್ ಬೇಡ. ಅಂಥವರು ಹೊಸ ಎಲೆಕ್ಟ್ರಿಕ್ ಕಾರಿಗೆ ದುಡ್ಡು ಸುರಿಯುವ ಬದಲು ಹಳೇ ಷೆವ್ರೊಲೆ ಬೋಲ್ಟ್ ನೋಡಲಿ. ಬೆಂಕಿಯ ಅಪಾಯದಿಂದ 2021ರಲ್ಲಿ ಕಂಪನಿಯವರು ವಾಪಸ್ ಕರೆದಾಗ ಬಹಳಷ್ಟು ಕಾರುಗಳಿಗೆ ಹೊಸ ಬ್ಯಾಟರಿ ಹಾಕಿ, ಅಂದಿನಿಂದ ಎಂಟು ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಕೊಟ್ಟರು. ಬ್ಯಾಟರಿ ಬದಲಾದ ಕಾಗದ ನೋಡದೆ ದುಡ್ಡು ಕೊಡಬೇಡಿ. ಇನ್ನೊಂದು ಎಲೆಕ್ಟ್ರಿಕ್ ಕಾರು ಹಳೇ ನಿಸಾನ್ ಲೀಫ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಬ್ಯಾಟರಿಗೆ ದ್ರವದ ತಂಪು ಇಲ್ಲ. ಬಿಸಿಲೂರಲ್ಲಿ ಓಡಿದ್ದಾದರೆ ಬಿಟ್ಟುಬಿಡಿ. ಚಾರ್ಜರಿಗೆಂದು ಮನೆಯ ಕರೆಂಟಿನ ಪ್ಯಾನೆಲ್ ಬದಲಿಸಲು ಸಾವಿರಾರು ಡಾಲರ್ ಹಾಕುವುದೂ ಬಹುಪಾಲು ದಂಡ. ಮಾಮೂಲಿ 120 ವೋಲ್ಟಿನ ಸಾಕೆಟ್ಟೇ ರಾತ್ರಿಗೆ 40 ಮೈಲಿ ತುಂಬುತ್ತದೆ.

ಊರಿಗೆ ಬಂದರೆ ಲೆಕ್ಕ ಇನ್ನೊಂದು ಸಲ ತಿರುಗುತ್ತದೆ. ಕೂಲಿ ಕಡಿಮೆ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇದೆ, 15 ವರ್ಷದ ಕಾರಿನ ಆರ್‌ಸಿ ನವೀಕರಣಕ್ಕೆ 5000 ರೂಪಾಯಿ. ದಿನಾ 40 ಕಿ.ಮೀ. ಓಡುವವರು ಕಣ್ಣುಮುಚ್ಚಿ ಎಲೆಕ್ಟ್ರಿಕ್‌ಗೆ ಹೋಗಲಿ. ಮನೆಯ ಹಿರಿಯರು ವರ್ಷಕ್ಕೆ 3000 ಕಿ.ಮೀ. ಓಡಿಸುವ ಮಾರುತಿಯನ್ನು ಮಾತ್ರ ಮಾರಿಸಬೇಡಿ. ಉಳಿಯುವುದು 15,000 ರೂಪಾಯಿ ಅಷ್ಟೆ. ಆ ಕಾರಿಗೆ ಈಗ ಇರುವ ಕಾಟ ಶೇಕಡ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನದು. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಟ್ಯಾಂಕಿನ ಖಾಲಿ ಜಾಗದ ಗಾಳಿಯಿಂದ ನೀರನ್ನೂ ಹೀರುತ್ತದೆ. ವಾರಗಟ್ಟಲೆ ನಿಂತ ಕಾರಿನ ಟ್ಯಾಂಕ್ ತಳಕ್ಕೆ ಆ ನೀರು ಇಳಿದರೆ ಪಂಪು ತುಕ್ಕು ಹಿಡಿಯುತ್ತದೆ. ರಜೆಗೆ ಹೋದಾಗ ಟ್ಯಾಂಕಿನಿಂದ ಎಂಜಿನ್‌ವರೆಗಿನ ರಬ್ಬರ್ ಪೈಪುಗಳನ್ನು ಒಮ್ಮೆ ಬಗ್ಗಿಸಿ ನೋಡಿ. ಗೀರು ಕಂಡರೆ, ಕೈಗೆ ಪೆಟ್ರೋಲ್ ವಾಸನೆ ಹತ್ತಿದರೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ನೀವು ವಾಪಸ್ ಹೊರಡುವಾಗ ಹಿರಿಯರಿಗೆ ಹೇಳಬೇಕಾದ್ದು ಇಷ್ಟೇ: ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಟ್ಟು ಕಾರು ನಿಲ್ಲಿಸಬೇಡಿ.